ಒಂದು ಚಮಚ ನೀರಿನ ಜಗಳ

ಎಂಟು ತಿಂಗಳು ತುಂಬಿದ ಮೇಲೆ ನನಗೆ ನಿದ್ದೆ ಬರುವುದೇ ನಿಂತುಹೋಯಿತು. ಕಲಬುರಗಿಯ ಏಪ್ರಿಲ್ ತಿಂಗಳು. ಹಗಲು 41, 42 ಡಿಗ್ರಿ ಬಿಸಿಲು. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬೆಚ್ಚಗೆ. ಬ್ರಹ್ಮಪುರದ ತವರುಮನೆಯಲ್ಲಿ ಪರ್ಸಿ ಕಲ್ಲಿನ ನೆಲದ ಮೇಲೆ ನೀರು ಚಿಮುಕಿಸಿ, ಕೂಲರಿನ ಎದುರು ಎಡಮಗ್ಗುಲಾಗಿ ಮಲಗಿರುತ್ತಿದ್ದೆ. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು. ಪಕ್ಕದಲ್ಲಿ ನಾಲ್ಕು ವರ್ಷದ ಮಗ ಕಾಲು ಚಾಚಿ ಮಲಗಿರುತ್ತಿದ್ದ. ಹೆರಿಗೆಯ ಭಯ ಇತ್ತು. ಅದಕ್ಕಿಂತ ಜಾಸ್ತಿ ಹೆರಿಗೆಯಾದ ಮರುದಿನದ ಭಯ ಇತ್ತು. ಈ ಸಲವಾದರೂ ನನಗೆ ಹಾಲು ಬರುತ್ತದಾ?

ದೊಡ್ಡವನು ಹುಟ್ಟಿದಾಗ ಏನಾಯಿತು ಎಂದು ಮೊದಲು ಹೇಳುತ್ತೇನೆ. ಅದು ಗೊತ್ತಿಲ್ಲದಿದ್ದರೆ ಉಳಿದದ್ದು ತಿಳಿಯುವುದಿಲ್ಲ.

ಆಗ ನೋವು ಶುರುವಾಗಿ ಹದಿನಾಲ್ಕು ತಾಸಾದರೂ ಹೆರಿಗೆ ಮುಂದಕ್ಕೆ ಹೋಗಲಿಲ್ಲ. ಸಿಜೇರಿಯನ್ ಮಾಡಿದರು. ಕೂಸಿನ ಮುಖ ಒಂದು ಕ್ಷಣ ತೋರಿಸಿ ಬೇರೆ ಕೋಣೆಗೆ ಒಯ್ದರು. ನನ್ನ ಪಕ್ಕಕ್ಕೆ ತಂದು ಮಲಗಿಸುವಾಗ ಐದು ತಾಸು ಕಳೆದಿತ್ತು. ಅಷ್ಟರಲ್ಲಿ ಅವನಿಗೆ ಎರಡು ಸಲ ಬಾಟಲಿ ಹಾಲು ಕುಡಿಸಿ ಆಗಿತ್ತು. "ಸಿಜೇರಿಯನ್ ಆದವರಿಗೆ ಮೂರು ದಿನ ಹಾಲು ಬರಲ್ಲಮ್ಮ" ಎಂದರು. ಚೀಟಿಯಲ್ಲಿ ಹಾಲಿನ ಪುಡಿಯ ಡಬ್ಬಿಯ ಹೆಸರು ಬರೆದುಕೊಟ್ಟರು. ನಾನು ನಂಬಿದೆ. ಬಿಳಿ ಕೋಟು ಹಾಕಿದವರು ಹೇಳಿದ್ದನ್ನು ನಂಬದೆ ಇನ್ಯಾರನ್ನು ನಂಬಬೇಕು, ಅಲ್ವಾ?

ಮನೆಗೆ ಬಂದ ಮೇಲೆ ಅವನು ಎದೆಗೆ ಬಾಯಿ ಇಡಲು ಒಲ್ಲ. ಬಾಟಲಿಯಿಂದ ಹಾಲು ತಾನಾಗಿ ಸುರಿಯುತ್ತಿತ್ತು, ಎದೆಯಿಂದ ಎಳೆದುಕೊಳ್ಳಬೇಕಿತ್ತು. ಅವನು ಅತ್ತರೆ ಮನೆಯವರು "ಹಾಲು ಸಾಲ್ವಲ್ದು" ಎನ್ನುವರು. ಹೀಗೆ ಹೇಳಿದಾಗಲೆಲ್ಲ ಒಂದು ಬಾಟಲಿ ತಯಾರಾಗುತ್ತಿತ್ತು. ಒಂದು ಬಾಟಲಿ ಜಾಸ್ತಿಯಾದರೆ ಎದೆಗೆ ಹಾಕುವುದು ಒಂದು ಸಲ ಕಡಿಮೆ. ಎದೆಯಿಂದ ಹಾಲು ಖಾಲಿಯಾದಷ್ಟೇ ಮತ್ತೆ ತುಂಬುವುದು ಎಂದು ಆಗ ನನಗೆ ಯಾರೂ ಹೇಳಿಕೊಡಲಿಲ್ಲ. ಎರಡು ತಿಂಗಳಿಗೆ ಹಾಲು ಬತ್ತಿತು. ನಾಲ್ಕೈದು ದಿನಕ್ಕೊಂದು ಡಬ್ಬಿ ಬೇಕಾಗುತ್ತಿತ್ತು. ಮಗ ಚೆನ್ನಾಗಿಯೇ ಬೆಳೆದ, ಗಟ್ಟಿಮುಟ್ಟಾಗಿದ್ದಾನೆ. ಡಬ್ಬಿ ಹಾಲು ಕುಡಿಸಿದ ತಾಯಂದಿರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ನನ್ನ ಸಂಕಟ ಡಬ್ಬಿಯದಲ್ಲ. ಆ ಎರಡು ತಿಂಗಳು ಒಂದು ತೀರ್ಮಾನವೂ ನನ್ನದಾಗಿರಲಿಲ್ಲ. ಎಲ್ಲರೂ ನನ್ನ ಎದೆಯ ಬಗ್ಗೆ ಮಾತಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

ಎರಡನೇ ಸಲ ಬಸುರಿಯಾದಾಗ ಈ ನೆನಪು ಮತ್ತೆ ಎದ್ದು ಬಂತು. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ಶರಣಬಸವೇಶ್ವರರ ತೇರಿನ ದಿನಗಳು. ಜೇವರ್ಗಿಯಿಂದ ಅತ್ತೆಯವರೆಲ್ಲ ಬಂದಿದ್ದರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿದ್ದು, ಎಲ್ಲ ಚಂದವೇ. ಆದರೆ ಆರತಿ ಮುಗಿದ ಮೇಲೆ ಹೆಂಗಸರು ಸುತ್ತ ಕೂತು "ಮೊದಲನೇದಕ್ಕ ಹಾಲು ಬರಲಿಲ್ಲ, ಇದಕ್ಕೂ ಡಬ್ಬಿ ತಂದು ಇಟ್ಕೋ" ಎಂದು ಹೇಳಿ ಹೋದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಳೆ ಸದ್ದಿನ ನಡುವೆ ಆ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಮಾರ್ಚ್ 9ಕ್ಕೆ ಸರ್ಕಾರಿ ತಪಾಸಣೆಗೆ ಹೋದೆ. 2016ರಿಂದ ಪ್ರತಿ ತಿಂಗಳು 9ನೇ ತಾರೀಖು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಓಣಿಯ ಆಶಾ ಕಾರ್ಯಕರ್ತೆ, ನಮ್ಮ ಆಶಾ ಅಕ್ಕ, ಜೊತೆಗೆ ಬಂದು ತಾಯಿ ಕಾರ್ಡಿನಲ್ಲಿ ಬರೆಸಿದರು. ಹಿಮೋಗ್ಲೋಬಿನ್ 8.6. ಬಸುರಿಯರಿಗೆ 11 ಇರಬೇಕು. ಕಬ್ಬಿಣದ ಮಾತ್ರೆ ನುಂಗುತ್ತಲೇ ಇದ್ದೆ. ಆದರೆ ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿಯುತ್ತಿದ್ದೆ. ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದು ಅವತ್ತೇ ತಿಳಿದದ್ದು. ಮಾತ್ರೆಯನ್ನು ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳಿ, ಚಹಾ ಒಂದೆರಡು ತಾಸು ಬಿಟ್ಟು ಕುಡಿಯಿರಿ ಎಂದರು. ಅಷ್ಟರಿಂದ ಸಾಲದು ಎಂದು ಸಲೈನಿನಲ್ಲಿ ಕಬ್ಬಿಣ ಏರಿಸಿದರು, ದಿನ ಬಿಟ್ಟು ದಿನ, ನಾಲ್ಕು ಸಲ. ಏಪ್ರಿಲ್ ಕೊನೆಗೆ 10.2 ಆಯಿತು. ಸಿಜೇರಿಯನ್‌ನಲ್ಲಿ ರಕ್ತ ಹೋಗುತ್ತದೆ, ಮೊದಲೇ ಕಡಿಮೆ ಇದ್ದರೆ ಆಮೇಲೆ ಎದ್ದು ಕೂತು ಕೂಸಿಗೆ ಹಾಲುಣಿಸಲೂ ತ್ರಾಣ ಇರುವುದಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ರಕ್ತಕ್ಕೂ ಹಾಲುಣಿಸುವುದಕ್ಕೂ ಹೀಗೊಂದು ನಂಟಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಒದೆತ ಎಣಿಸುವುದನ್ನೂ ಅವರೇ ಹೇಳಿಕೊಟ್ಟರು. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗು. ಕೂಸು ಹೊರಳಿದ್ದು, ಒದ್ದದ್ದು, ಎಲ್ಲ ಎಣಿಸು. 2 ತಾಸಿನಲ್ಲಿ 10 ಸಲ ಆಗಬೇಕು. ಆಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡ.

36ನೇ ವಾರದಲ್ಲಿ ಒಂದು ಮಧ್ಯಾಹ್ನ ಹಾಗೆಯೇ ಆಯಿತು. ಕರೆಂಟ್ ಹೋಗಿತ್ತು. ಬೆವರಿ ಬೆವರಿ ನನಗೆ ಮಂಪರು ಬಂದಂತಿತ್ತು. ಮೂರು ಗಂಟೆಗೆ ಎಚ್ಚರವಾದಾಗ ಬೆಳಗಿನಿಂದ ಕೂಸು ಅಲುಗಾಡಿದ ನೆನಪೇ ಇಲ್ಲ. ಎರಡು ಲೋಟ ತಣ್ಣನೆ ಮಜ್ಜಿಗೆ ಕುಡಿದೆ. ಮಲಗಿ ಎಣಿಸಿದೆ. ಒಂದು. ಬಹಳ ಹೊತ್ತಿನ ಮೇಲೆ ಎರಡು. ಐದು ಗಂಟೆಗೆ ನಾಲ್ಕೇ ಆಗಿತ್ತು. ಅವ್ವ "ಬಿಸಲಿಗಿ ಮಲಕೊಂಡಿರ್ತದ ಬಿಡು" ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಆಟೋ ಜಗತ್ ಸರ್ಕಲ್ ದಾಟುವಾಗ ಸಿಗ್ನಲ್‌ನಲ್ಲಿ ನಿಂತಿತು. ಆ ಒಂದು ನಿಮಿಷದಲ್ಲಿ ನಾನು ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಎಡಕ್ಕೆ ಶರಣಬಸವೇಶ್ವರ ಅಪ್ಪನ ಗುಡಿ ನೆನೆದೆ, ಬಲಕ್ಕೆ ಬಂದೇ ನವಾಜರ ದರ್ಗಾ ನೆನೆದೆ. ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟಿ ಇಪ್ಪತ್ತು ನಿಮಿಷ ಕೂಸಿನ ಎದೆಬಡಿತ ಬರೆಸಿಕೊಂಡರು. ಟಕಟಕಟಕ ಎಂದು ಕುದುರೆ ಓಡಿದಂಥ ಸದ್ದು. ಎದೆಬಡಿತ ಸರಿಯಾಗಿತ್ತು. ಸ್ಕ್ಯಾನಿನಲ್ಲಿ ಗರ್ಭದ ನೀರಿನ ಅಳತೆ 7 ಬಂತು. 5ಕ್ಕಿಂತ ಕಡಿಮೆಯಾದರೆ ಚಿಂತೆ, ನಿನ್ನದು ಸ್ವಲ್ಪ ಕೆಳಗಿದೆ, ನೀರು ಚೆನ್ನಾಗಿ ಕುಡಿ, ವಾರಕ್ಕೆ ಎರಡು ಸಲ ತೋರಿಸು ಎಂದರು. ಸುಮ್ನೆ ಓಡಿ ಬಂದೆನಾ ಎಂದು ಕೇಳಿದ್ದಕ್ಕೆ ಡಾಕ್ಟರ್ ತಲೆ ಅಲ್ಲಾಡಿಸಿ, "ಹೀಗೆ ಹತ್ತು ಸಲ ಬಂದು ಹತ್ತು ಸಲವೂ ಏನೂ ಇಲ್ಲ ಅಂತ ಹೋದರೂ ನನಗೆ ಸಂತೋಷವೇ" ಎಂದರು.

ಅವತ್ತು ಧೈರ್ಯ ಬಂದು ಹಾಲಿನ ಮಾತು ತೆಗೆದೆ. ಮೊದಲ ಸಲದ ಕಥೆಯೆಲ್ಲ ಹೇಳಿದೆ. ಹೇಳುತ್ತ ಅತ್ತೆ. ಅವರು ಗಡಿಬಿಡಿ ಮಾಡದೆ ಕೇಳಿದರು. ಎದೆ ಪರೀಕ್ಷೆ ಮಾಡಿದರು. ಬಲಗಡೆಯ ತೊಟ್ಟು ಚಪ್ಪಟೆ ಇದೆ ಎಂದರು. ನನ್ನ ಜೀವ ಧಸಕ್ಕೆಂದಿತು. "ಕೂಸು ಕುಡಿಯುವುದು ತೊಟ್ಟನ್ನಲ್ಲಮ್ಮ, ಎದೆಯನ್ನು. ಬಾಯಿ ಅಗಲ ತೆರೆದು ಸುತ್ತಲಿನ ಕಪ್ಪು ಭಾಗ ಒಳಗೆ ಹೋದರೆ ತೊಟ್ಟು ಹೇಗಿದ್ದರೂ ನಡೆಯುತ್ತದೆ" ಎಂದರು. ಇನ್ನೊಂದು ಮಾತು ಹೇಳಿದರು. ಸಿಜೇರಿಯನ್ ಆದರೂ ಮೊದಲ ಒಂದು ತಾಸಿನೊಳಗೆ ಕೂಸನ್ನು ಎದೆಗೆ ಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ: ಮೊದಲ ತಾಸಿನಲ್ಲಿ ಶುರು, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಇಲ್ಲ, ನೀರು ಕೂಡ ಇಲ್ಲ. ಆಮೇಲೆ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ. "ಬೆನ್ನಿಗೆ ಸೂಜಿ ಕೊಟ್ಟಿರುತ್ತೇವೆ, ನಿನಗೆ ಎಚ್ಚರ ಇರುತ್ತದೆ. ಕೂಸು ಬೇಕು ಅಂತ ಬಾಯಿಬಿಟ್ಟು ಕೇಳು."

ಆ ರಾತ್ರಿ ಯಜಮಾನರ ಜೊತೆ ಮಾಳಿಗೆ ಮೇಲೆ ಕೂತು ಮಾತಾಡಿದೆ. ಮೊದಲ ಸಲ ಅವರೂ ನನ್ನ ಹಾಗೆಯೇ ತಬ್ಬಿಬ್ಬಾಗಿದ್ದರು. ಯಾರೋ ಡಬ್ಬಿ ತಾ ಎಂದರೆ ಸೂಪರ್ ಮಾರ್ಕೆಟಿಗೆ ಓಡುತ್ತಿದ್ದರು. ಈ ಸಲ ಮೊದಲೇ ಒಂದು ತೀರ್ಮಾನಕ್ಕೆ ಬಂದೆವು. ಮೊದಲು ಎದೆಹಾಲು. ಜೇನು, ತೇಯ್ದು ನೆಕ್ಕಿಸುವ ಗುಟ್ಟಿ, ಸಕ್ಕರೆ ನೀರು ಯಾವುದೂ ಬೇಡ. ಒಂದು ವರ್ಷದೊಳಗಿನ ಕೂಸಿಗೆ ಜೇನು ಅಪಾಯ, ಅದರಲ್ಲಿರಬಹುದಾದ ಒಂದು ರೋಗಾಣುವನ್ನು ಎಳೆಯ ಕರುಳು ತಡೆಯುವುದಿಲ್ಲ. ಇಷ್ಟು ಸುಲಭವಾಗಿ ಬಗೆಹರಿಯಿತು. ಕಷ್ಟದ ಪ್ರಶ್ನೆ ಆಮೇಲಿನದು. ನಿಜವಾಗಿಯೂ ಹಾಲು ಸಾಲದೆ ಹೋದರೆ? ಅದನ್ನು ನಿರ್ಧರಿಸುವುದು ಯಾರು? ಕೂಸಿನ ಅಳುವಾ? ಓಣಿಯ ಹೆಂಗಸರಾ?

ತೂಕ ನಿರ್ಧರಿಸಲಿ ಎಂದುಕೊಂಡೆವು. ತೂಕ ಮತ್ತು ಒದ್ದೆ ಬಟ್ಟೆ. ಹುಟ್ಟಿದ ಕೂಸಿನ ತೂಕ ಮೊದಲ ದಿನಗಳಲ್ಲಿ ಇಳಿಯುತ್ತದೆ, ಅದು ಸಹಜ. ಆದರೆ ನೂರಕ್ಕೆ ಹತ್ತರಷ್ಟು ಇಳಿದರೆ ಡಾಕ್ಟರ್ ನೋಡಲೇಬೇಕು. ಐದು ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯಬೇಕು. ಎರಡು ವಾರಕ್ಕೆ ಹುಟ್ಟಿದಾಗಿನ ತೂಕ ವಾಪಸು ಬರಬೇಕು. ಇವು ಸರಿ ಇದ್ದರೆ ಯಾರು ಏನೇ ಅಂದರೂ ಡಬ್ಬಿ ಬೇಡ. ಇವು ತಪ್ಪಿದರೆ, ಡಾಕ್ಟರ್ ಹೇಳಿದರೆ, ಡಬ್ಬಿ ತರುವುದು. ಆಗ ನಾನು ಅಳಬಾರದು. ತಂದರೂ ಬಾಟಲಿ ಬೇಡ, ಬಟ್ಟಲು ಚಮಚ. ತಾಯಿ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಇದನ್ನು ಬರೆದಿಟ್ಟೆ. ಅವತ್ತು ಬಹಳ ದಿನಗಳ ಮೇಲೆ ನಾಲ್ಕು ತಾಸು ನಿದ್ದೆ ಬಂತು.

ಮೇ ಮೊದಲ ವಾರ, 39ನೇ ವಾರಕ್ಕೆ ಸಿಜೇರಿಯನ್. ಮಗಳು. 2.8 ಕಿಲೋ. ಹೊಲಿಗೆ ಹಾಕುತ್ತಿರುವಾಗಲೇ ನಾನು "ಕೂಸು ಕೊಡ್ರಿ, ಕೂಸು ಕೊಡ್ರಿ" ಎನ್ನುತ್ತಿದ್ದೆ. ಸಿಸ್ಟರ್ ಒಬ್ಬರು ಅದನ್ನು ಒರೆಸಿ ನನ್ನ ಕತ್ತಿನ ಹತ್ತಿರ, ಬರಿಮೈಗೆ ತಾಗಿಸಿ ಇಟ್ಟರು. ಹೊರಗಿನ ಕೋಣೆಗೆ ತಂದ ಮೇಲೆ ಎದೆಗೆ ಹಾಕಿದರು. ಗಡಿಯಾರ ನೋಡಿದೆ, ಹುಟ್ಟಿ 50 ನಿಮಿಷ. ಹೊಟ್ಟೆಯ ಹೊಲಿಗೆಗೆ ತಾಗದಂತೆ ಕೂಸನ್ನು ಕಂಕುಳ ಕೆಳಗೆ, ಕಾಲು ನನ್ನ ಬೆನ್ನ ಕಡೆ ಬರುವ ಹಾಗೆ ಹಿಡಿಸಿದರು. ಮೊದಲ ಸಲ ತೊಡೆಯ ಮೇಲೆ ಹಾಕಿಕೊಂಡು ನೋವಿಗೆ ನರಳುತ್ತಿದ್ದೆ, ಹೀಗೂ ಹಿಡಿಯಬಹುದೆಂದು ಗೊತ್ತೇ ಇರಲಿಲ್ಲ. ಸಿಜೇರಿಯನ್ ಆದ ಯಾರೇ ಸಿಕ್ಕರೂ ನಾನು ಈಗ ಮೊದಲು ಹೇಳುವುದು ಈ ಹಿಡಿತದ ಬಗ್ಗೆಯೇ.

ನಾಲ್ಕೈದು ಹನಿ ಹಳದಿ ಹಾಲು ಬಂತು, ಅಂಟಂಟು. ನೋಡಿದರೆ ಇಷ್ಟೇನಾ ಅನಿಸುತ್ತದೆ. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಒಂದು ಚಮಚದಷ್ಟು ಸಾಕು, 5ರಿಂದ 7 ಮಿಲಿ. ನಮ್ಮಲ್ಲಿ ಆಕಳು ಈದರೆ ಗಿಣ್ಣದ ಹಾಲನ್ನು ಕರುವಿಗೆ ಮೊದಲು ಬಿಡುತ್ತಾರೆ, ಕರು ಗಟ್ಟಿಯಾಗಲಿ ಎಂದು. ಹೆಣ್ಣಿನ ಮೊದಲ ಹಾಲನ್ನು ಮಾತ್ರ ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲಿಸುವವರು ಇನ್ನೂ ಇದ್ದಾರೆ. ರೋಗ ತಡೆಯುವ ಶಕ್ತಿ ಜಾಸ್ತಿ ಇರುವುದೇ ಅದರಲ್ಲಿ.

ಎರಡನೇ ರಾತ್ರಿ ಮಗಳು ಬೆಳಗಿನ ತನಕ ಅತ್ತಳು. ಎದೆಗೆ ಹಾಕಿದರೆ ಸುಮ್ಮನಾಗುತ್ತಿದ್ದಳು, ತೆಗೆದರೆ ಅಳು. ಪಕ್ಕದ ಮಂಚದವರೂ ಎದ್ದು ಕೂತರು. "ಡಬ್ಬಿ ಹಾಕ್ರಿ, ಪಾಪ, ಹಸಿದದ" ಎಂದರು. ಅವ್ವನೂ ನನ್ನ ಮುಖ ನೋಡಿದಳು. ಎರಡನೇ ರಾತ್ರಿ ಬಹಳ ಕೂಸುಗಳು ಹೀಗೇ ಮಾಡುತ್ತವೆ, ಮೇಲಿಂದ ಮೇಲೆ ಚೀಪಿ ಹಾಲನ್ನು ಕರೆಯುತ್ತವೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಆ ಒಂದು ಮಾತು ನನ್ನನ್ನು ಕಾಪಾಡಿತು. ಅವತ್ತು ಎಷ್ಟು ಸಲ ಹಾಕಿದೆನೋ, ಲೆಕ್ಕ ಬಿಟ್ಟೆ.

ನಾಲ್ಕನೇ ದಿನ ಎದೆ ಕಲ್ಲಾಯಿತು. ಜ್ವರ ಬಂದ ಹಾಗೆ ಮೈ ಕಾವು. ಹಾಲು ಬಂದಿತ್ತು! ಬಿಸಿನೀರಿನ ಬಟ್ಟೆ ಇಟ್ಟು, ಕೈಯಿಂದ ಸ್ವಲ್ಪ ಹಿಂಡಿ ಮೆತ್ತಗೆ ಮಾಡಿಕೊಂಡೆ. ನನಗಾದ ಖುಷಿ ಹೇಳಲಾರೆ. ಅವ್ವ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡಳು.

ಖುಷಿ ಒಂದೇ ದಿನ. ಐದನೇ ದಿನ ಮನೆಗೆ ಕಳಿಸುವ ಮುಂಚೆ ತೂಕ ಹಾಕಿದರು. 2.52. ಸರಿಯಾಗಿ ಹತ್ತನೇ ಒಂದು ಭಾಗ ಇಳಿದಿತ್ತು. ಹಿಂದಿನ ಇಡೀ ದಿನದಲ್ಲಿ ಮೂರೇ ಸಲ ಉಚ್ಚೆ. ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಬಣ್ಣ. ಮಗಳು ಎದೆಗೆ ಹಾಕಿದರೆ ಎರಡು ಗುಟುಕಿಗೆ ನಿದ್ದೆ ಹೋಗುತ್ತಿದ್ದಳು. ನಾನು ಅದನ್ನು ಶಾಂತ ಕೂಸು ಎಂದುಕೊಂಡಿದ್ದೆ. ತ್ರಾಣ ಸಾಲದೆ ಮಲಗುತ್ತಿದ್ದಳು.

ಅಳಬಾರದು ಎಂದು ಬರೆದಿಟ್ಟಿದ್ದೆ. ಅತ್ತೆ. ಆದರೆ ತಾಯಿ ಕಾರ್ಡಿನ ಹಿಂದಿನ ಆ ಪೆನ್ಸಿಲ್ ಸಾಲುಗಳು ಕಣ್ಣ ಮುಂದಿದ್ದವು. ತೂಕ ಹೇಳಿದರೆ ಕೇಳುತ್ತೇನೆ ಎಂದು ಒಪ್ಪಿಕೊಂಡಿದ್ದೆ, ಈಗ ತೂಕ ಹೇಳಿತ್ತು. ಡಾಕ್ಟರ್ ನಾನು ಕುಡಿಸುವುದನ್ನು ಹತ್ತು ನಿಮಿಷ ಕೂತು ನೋಡಿದರು. ಬಲಗಡೆ ಕೂಸು ಬರೀ ತುದಿಯನ್ನು ಚೀಪುತ್ತಿದೆ, ಹಾಲು ಇದ್ದರೂ ಬಾಯಿಗೆ ಹೋಗುತ್ತಿಲ್ಲ ಎಂದರು. ಮೂಗು ತೊಟ್ಟಿನ ಎದುರಿಗೆ ಬರುವ ಹಾಗೆ ಹಿಡಿ. ತುಟಿಗೆ ಸವರಿ ಕಾಯಿ. ಬಾಯಿ ಆಕಳಿಸಿದಷ್ಟು ಅಗಲವಾದಾಗ ಗಲ್ಲ ಮೊದಲು ತಾಗುವಂತೆ ಎಳೆದುಕೋ. ಕೆಳತುಟಿ ಹೊರಗೆ ಮಡಚಿರಬೇಕು. ನೋವಾದರೆ ಬೆರಳು ಹಾಕಿ ಬಿಡಿಸಿ ಮತ್ತೆ ಹಾಕು. ಹಾಗೆ ಮಾಡಿದಾಗ ಮೊದಲ ಸಲ ಗುಟುಕಿನ ಸದ್ದು ಕೇಳಿದೆ. ಆ ಸದ್ದಿಗಾಗಿ ನಾನು ನಾಲ್ಕು ವರ್ಷ ಕಾದಿದ್ದೆ.

ಎರಡೂವರೆ ತಾಸಿಗೊಮ್ಮೆ ಎಬ್ಬಿಸಿ ಎದೆಗೆ ಹಾಕು, ಆಮೇಲೆ ಹಿಂಡಿದ ಹಾಲು ಚಮಚದಲ್ಲಿ ಕೊಡು, 30 ಮಿಲಿ ಆಗದಿದ್ದರೆ ಉಳಿದಷ್ಟು ಡಬ್ಬಿ ಹಾಲು ಎಂದರು. ಯಜಮಾನರು ಡಬ್ಬಿ ತಂದರು. ಅದರ ಮೇಲೆ ಒಂದು ಕೂಸಿನ ಚಿತ್ರವೂ ಇರಲಿಲ್ಲ, ತಾಯಿ ಹಾಲೇ ಉತ್ತಮ ಎಂದು ದೊಡ್ಡದಾಗಿ ಬರೆದಿತ್ತು. 1992ರಲ್ಲೇ ಇದಕ್ಕೊಂದು ಕಾನೂನು ಬಂದಿದೆ. ಡಬ್ಬಿ ಹಾಲಿಗೂ ಬಾಟಲಿಗೂ ಜಾಹೀರಾತು ಮಾಡುವ ಹಾಗಿಲ್ಲ, ತಾಯಂದಿರಿಗೆ ಪುಕ್ಕಟೆ ಡಬ್ಬಿ ಕೊಡುವ ಹಾಗೂ ಇಲ್ಲ. ಮೊದಲ ಸಲ ಆ ಚೀಟಿ ಕೈಗೆ ಬಂದಾಗ ನನಗೆ ಇದು ಗೊತ್ತಿದ್ದರೆ, ಒಂದು ಮಾತಾದರೂ ಕೇಳುತ್ತಿದ್ದೆ.

ಡಬ್ಬಿ ಹಾಲು ಮಾಡುವುದನ್ನು ಈ ಸಲ ಸರಿಯಾಗಿ ಕಲಿತೆ. ಕುದಿಸಿದ ನೀರು, ಇನ್ನೂ ಚೆನ್ನಾಗಿ ಬಿಸಿ ಇರುವಾಗಲೇ, 70 ಡಿಗ್ರಿಗಿಂತ ಕಡಿಮೆಯಾಗುವ ಮುಂಚೆ ಪುಡಿ ಹಾಕಬೇಕು. ಪುಡಿಯಲ್ಲೂ ರೋಗಾಣು ಇರಬಹುದು, ಆ ಬಿಸಿಗೆ ಸಾಯುತ್ತವೆ. ಆಮೇಲೆ ಆರಿಸಿ ಕೊಡುವುದು. ಡಬ್ಬಿಯಲ್ಲಿ ಬರೆದಷ್ಟೇ ನೀರಿಗೆ ಅಷ್ಟೇ ಅಳತೆಯ ಪುಡಿ, ಅಳತೆ ಚಮಚದ ತಲೆ ಸವರಿ. ದುಡ್ಡು ಉಳಿಸಲು ನೀರು ಜಾಸ್ತಿ ಹಾಕುವ ಮನೆಗಳನ್ನು ನೋಡಿದ್ದೇನೆ, ಆ ಕೂಸುಗಳು ಹೊಟ್ಟೆ ತುಂಬಿಯೂ ಸೊರಗುತ್ತವೆ. ಕೂಸು ಕುಡಿದು ಉಳಿದದ್ದನ್ನು ನಮ್ಮ ಮೇ ತಿಂಗಳಲ್ಲಿ ಇಡುವ ಮಾತೇ ಇಲ್ಲ. ಚೆಲ್ಲಬೇಕು.

ಇನ್ನು ನೀರಿನ ಜಗಳ.

ಮನೆಗೆ ಬಂದ ದಿನ 43 ಡಿಗ್ರಿ. ಬಾಣಂತಿ ಕೋಣೆಯ ಕಿಟಕಿಗೆ ಕೌದಿ ಕಟ್ಟಿದ್ದರು. ಅದನ್ನು ಬಿಚ್ಚಿಸಿ, ಕೂಲರನ್ನು ಪಡಸಾಲೆಯಲ್ಲಿಟ್ಟು ಗಾಳಿ ನೇರ ಬಡಿಯದಂತೆ ಮಾಡಿಸಲು ಅರ್ಧ ದಿನ ಹೋಯಿತು. ಊಟಕ್ಕೆ ನನ್ನ ತಕರಾರಿರಲಿಲ್ಲ. ಬಿಸಿ ರೊಟ್ಟಿ, ಬಳ್ಳೊಳ್ಳಿ ಹಾಕಿದ ಸಬ್ಬಸಗಿ ಪಲ್ಯ, ಅಳವಿ ಪಾಯಸ, ಅಂಟಿನುಂಡೆ. ಎಲ್ಲ ಹಾಲು ಬರಲಿ ಎಂದು ಅವ್ವ ಮಾಡಿದ್ದು. ಹಾಲು ಬರುವುದು ಕೂಸು ಕುಡಿದಷ್ಟು ಎಂದು ನಾನು ಕಲಿತಿದ್ದೆ. ಆದರೂ ಆ ತಾಟು ನೋಡಿದರೆ ಜೀವಕ್ಕೆ ಹಿತ. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಎಂದಾಗ ಮಾತ್ರ ಒಪ್ಪಲಿಲ್ಲ. ಮಂಚದ ಪಕ್ಕ ತಂಬಿಗೆ ಇಟ್ಟುಕೊಂಡೆ. ಕೂಸಿಗೆ ಎದೆ ಕೊಟ್ಟಾಗಲೆಲ್ಲ ಒಂದು ಲೋಟ ಕುಡಿದೆ.

ಆಯಿ ಎಂದರೆ ನಮ್ಮಜ್ಜಿ. ಎಂಬತ್ತರ ಹತ್ತಿರ ವಯಸ್ಸು. ಏಳು ಮಕ್ಕಳನ್ನು ಹೆತ್ತವಳು, ಓಣಿಯ ಎಷ್ಟೋ ಕೂಸುಗಳಿಗೆ ಎರೆದವಳು. ನನ್ನ ಮಂಚದ ಹತ್ತಿರ ಬೆಳ್ಳಿ ಬಟ್ಟಲು ಹಿಡಿದು ಬಂದಳು. ಅದರಲ್ಲಿ ಕಾಯಿಸಿ ಆರಿಸಿದ ನೀರು.

"ಬಿಸಲು ಹ್ಯಾಂಗ ಬೀಳ್ಲಕತ್ತದ ನೋಡು. ದನಕ್ಕ ನೀರು ಇಡ್ತೀವಿ, ಗುಬ್ಬಿಗಿ ನೀರು ಇಡ್ತೀವಿ. ಈ ಕೂಸಿಗಿ ಒಂದು ಚಮಚ ಬ್ಯಾಡಂತಿ?"

"ಹಾಲಿನಾಗೇ ನೀರದ ಆಯಿ."

"ಹಾಲಿಗಿ ನೀರಿಗಿ ಒಂದೇ ಅಂದ್ರ ಹ್ಯಾಂಗವಾ?"

ನಾನು ವಿವರಿಸಿದೆ. ಎದೆಹಾಲಿನಲ್ಲಿ ನೂರಕ್ಕೆ 88ರಷ್ಟು ನೀರೇ ಇರುತ್ತದೆ. ಎಷ್ಟೇ ಬಿಸಿಲಿದ್ದರೂ ಕೂಸಿಗೆ ಅದು ಸಾಕು. ನೀರು ಕುಡಿಸಿದರೆ ಪುಟ್ಟ ಹೊಟ್ಟೆ ತುಂಬುತ್ತದೆ, ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ನನ್ನ ಹಾಲೂ ಇಳಿಯುತ್ತದೆ. ನೀರಿನಿಂದ ಭೇದಿ ಹತ್ತುವ ಅಪಾಯ ಬೇರೆ. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬಿಟ್ಟು, ಡ್ರಮ್ಮಿನಲ್ಲಿ ಹಿಡಿದಿಡುವ ನೀರು ನಮ್ಮದು. ಆಯಿ ಏನೂ ಅನ್ನಲಿಲ್ಲ. ಬಟ್ಟಲು ತೆಗೆದುಕೊಂಡು ಹೋದಳು. ಅವತ್ತು ಊಟ ಮಾಡಲಿಲ್ಲ. ಅವಳಿಗೆ ನಾನು ಕೂಸನ್ನು ಬಾಯಾರಿಸಿ ಕೂರಿಸಿದ್ದೇನೆ ಎಂದೇ ಅನಿಸಿತ್ತು. ಆ ಸಂಕಟವನ್ನು ನಾನು ಹಗುರ ಮಾಡಲಾರೆ. ಅವಳ ಎರಡು ಮಕ್ಕಳು ಬೇಸಿಗೆಯಲ್ಲೇ ಹೋಗಿದ್ದವು.

ಮರುದಿನ ನನಗೊಂದು ದಾರಿ ಹೊಳೆಯಿತು. "ಆಯಿ, ಕೂಸಿನ ಬಟ್ಟೆ ನೀನೇ ಬದಲಿಸು. ಎಷ್ಟು ಒದ್ದೆ ಆಗ್ತಾವ ಲೆಕ್ಕ ಇಡು. ಆರಕ್ಕಿಂತ ಕಡಿಮಿ ಆದ್ರ ನೀ ಹೇಳಿದಂಗ ಕೇಳಿ ಡಾಕ್ಟರಲ್ಲಿ ಹೋಗ್ತೀನಿ" ಎಂದೆ. ಆಯಿಗೆ ಬರೆಯಲು ಬರುವುದಿಲ್ಲ. ಅಡುಗೆಮನೆಯಿಂದ ಒಂದು ಹಿಡಿ ತೊಗರಿ ಕಾಳು ತಂದಳು. ಕೂಸು ಒದ್ದೆ ಮಾಡಿದಾಗಲೆಲ್ಲ ಒಂದು ಕಾಳು ಬೆಳ್ಳಿ ಬಟ್ಟಲಿಗೆ. ರಾತ್ರಿ ಎದ್ದೂ ಹಾಕುತ್ತಿದ್ದಳು. ಬೆಳಿಗ್ಗೆ ಬಟ್ಟಲು ಬಗ್ಗಿಸಿ ಎಣಿಸುವುದು. ಮೊದಲ ದಿನ ಐದು. ಆಯಿಯ ಮುಖ ಬಿಗಿಯಿತು, ನನ್ನದೂ. ಡಾಕ್ಟರಿಗೆ ಫೋನ್ ಮಾಡಿದೆವು, ಚಮಚದ ಹಾಲು ಇನ್ನೆರಡು ಸಲ ಜಾಸ್ತಿ ಮಾಡಿ ಎಂದರು. ಎರಡನೇ ದಿನ ಏಳು. ಮೂರನೇ ದಿನ ಎಂಟು. "ನೀರು ಕುಡೀದೇ ಎಂಟು ಸಲ ಹ್ಯಾಂಗ ಉಚ್ಚಿ ಹೊಯ್ತದವಾ?" ಎಂದು ಆಯಿ ತಾನೇ ಕೇಳಿದಳು. ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ನೀರಿನ ಮಾತು ಅವಳ ಬಾಯಿಂದ ಬರಲಿಲ್ಲ. ನೋಡಲು ಬಂದವರಲ್ಲಿ ಯಾರಾದರೂ ಹಾಲು ಸಾಲುತ್ತದಾ ಎಂದರೆ, ನನಗಿಂತ ಮೊದಲು ಅವಳು ಬಟ್ಟಲು ತೋರಿಸುತ್ತಿದ್ದಳು.

ಡಬ್ಬಿ ಹಾಲು ಆರು ದಿನ ಕೊಟ್ಟೆ. ದಿನದಿಂದ ದಿನಕ್ಕೆ ನಾನು ಹಿಂಡಿದ ಹಾಲು ಜಾಸ್ತಿಯಾಯಿತು, ಡಬ್ಬಿಯದು ಕಡಿಮೆಯಾಯಿತು. ಒಂಬತ್ತನೇ ದಿನ ತೂಕ 2.64. ಹದಿನಾಲ್ಕಕ್ಕೆ 2.79. ಇಪ್ಪತ್ತೊಂದಕ್ಕೆ ಸರಿಯಾಗಿ 3 ಕಿಲೋ. ಆಶಾ ಅಕ್ಕ ತಕ್ಕಡಿಯ ಜೋಳಿಗೆ ಎತ್ತಿ ಹಿಡಿದು ಓದಿದಾಗ ಯಜಮಾನರು ಎರಡನೇ ಸಲ ಓದಿಸಿದರು. ಅರ್ಧಕ್ಕಿಂತ ಜಾಸ್ತಿ ಪುಡಿ ಡಬ್ಬಿಯಲ್ಲೇ ಉಳಿದಿತ್ತು. ಆ ಆರು ದಿನ ಅದು ಬೇಕಿತ್ತು. ಇವತ್ತಿಗೂ ಆ ಬಗ್ಗೆ ನನಗೆ ಬೇಸರವಿಲ್ಲ.

ಇದೆಲ್ಲದರ ನಡುವೆ ದೊಡ್ಡವನು ಒಂದು ದಿನ ಪಕ್ಕದಲ್ಲಿ ಕೂತು ತಂಗಿ ಹಾಲು ಕುಡಿಯುವುದನ್ನು ನೋಡಿ, "ನಾನೂ ಹಿಂಗೇ ಕುಡದೀನಾ?" ಎಂದ. ಗಂಟಲು ಕಟ್ಟಿತು. "ನೀನು ಎರಡು ತಿಂಗಳು ಹಿಂಗ ಕುಡದಿ. ಆಮ್ಯಾಲ ಅಪ್ಪ ರಾತ್ರಿ ಎದ್ದು ಎದ್ದು ನಿನಗ ಹಾಲು ಮಾಡಿ ಕುಡಸ್ತಿದ್ರು" ಎಂದೆ. ಅವನು ಓಡಿಹೋಗಿ ಅಪ್ಪನ ತೊಡೆ ಏರಿ ಕೂತ.

ನಾನು ಖಾಸಗಿ ಶಾಲೆಯ ಶಿಕ್ಷಕಿ. ಹೆರಿಗೆ ರಜೆ ಕಾನೂನಿನಲ್ಲಿ 26 ವಾರ, 2017ರ ತಿದ್ದುಪಡಿಯಿಂದ. ಶಾಲೆಯವರು ಮೂರು ತಿಂಗಳು ಎಂದರು. ಬಹಳ ಹಗ್ಗಜಗ್ಗಾಟವಾಗಿ ಐದಕ್ಕೆ ಒಪ್ಪಿದರು. ಅಕ್ಟೋಬರಿನಲ್ಲಿ ಕೆಲಸಕ್ಕೆ ಹೋಗಲು ಶುರು ಮಾಡಿದಾಗ ಬೆಳಿಗ್ಗೆ ಎದ್ದು ಹಾಲು ಹಿಂಡಿ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡುತ್ತಿದ್ದೆ. ಹೊರಗೆ 25 ಡಿಗ್ರಿಯೊಳಗೆ ಇದ್ದರೆ 4 ತಾಸು ಇಡಬಹುದು, ಫ್ರಿಜ್ಜಿನಲ್ಲಿ 4 ದಿನ. ನಮ್ಮ ಊರಿನ ಸೆಕೆಗೆ ಹೊರಗಿಡುವ ಧೈರ್ಯ ನಾನು ಮಾಡಲಿಲ್ಲ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ ಚಮಚದಲ್ಲಿ ಕುಡಿಸುವ ಕೆಲಸ ಆಯಿಯದು. ಅವ್ವನಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆರು ತಿಂಗಳು ತುಂಬಿದ್ದು ನವೆಂಬರ್ ಮೊದಲ ವಾರ. ಬೆಳಗಿನ ಹೊತ್ತು ಸಣ್ಣ ಚಳಿ ಶುರುವಾಗಿತ್ತು. ಬೇಯಿಸಿ ಹಿಸುಕಿದ ತೊಗರಿ ಬ್ಯಾಳಿ, ಅನ್ನ, ಒಂದು ಹನಿ ತುಪ್ಪ. ಮಗಳು ಮೂರು ಬೆರಳಷ್ಟು ತಿಂದಳು, ಉಳಿದದ್ದು ಕೊರಳಿಗೆ ಹಚ್ಚಿಕೊಂಡಳು. ಆಮೇಲೆ ನಾನು ಬೆಳ್ಳಿ ಬಟ್ಟಲು ತೊಳೆದು, ಕಾಯಿಸಿ ಆರಿಸಿದ ನೀರು ಹಾಕಿ ಆಯಿಯ ಕೈಗೆ ಕೊಟ್ಟೆ.

"ಈಗ ಕುಡಸು" ಎಂದೆ.

ಆಯಿ ಕೂಸನ್ನು ಮಡಿಲಿಗೆ ಎಳೆದುಕೊಂಡಳು. ಚಮಚ ಹಿಡಿದ ಕೈ ನಡುಗುತ್ತಿತ್ತು. ಮಗಳು ತುಟಿಗೆ ತಾಗಿದ ನೀರನ್ನು ಚಪ್ಪರಿಸಿ ನೋಡಿದಳು, ಮುಖ ಕಿವುಚಿದಳು, ಮತ್ತೆ ಬಾಯಿ ತೆರೆದಳು.